ದಾರಿಹೋಕರನ್ನು ನೋಡಿಯೇ ಕಾಯಿಲೆ ಗುರುತಿಸಿದ ವೈದ್ಯ

ಜೇಮ್ಸ್ ಪಾರ್ಕಿನ್ಸನ್ ಎಂಬ ಹೆಸರನ್ನು ಮೊಬೈಲ್‌ನಲ್ಲಿ ಹುಡುಕಿ ನೋಡಿ. ಗಡ್ಡ ಬಿಟ್ಟ, ಗಂಭೀರ ಮುಖದ ಒಬ್ಬರ ಫೋಟೊ ಸಿಗುತ್ತದೆ. ಎಷ್ಟೋ ಲೇಖನಗಳಲ್ಲಿ ಅದೇ ಫೋಟೊ ಅಚ್ಚಾಗಿದೆ. ಆದರೆ ಅದು ಅವರದ್ದಲ್ಲ, ಅದೇ ಹೆಸರಿನ ಬೇರೆ ಯಾರದೋ. ಪಾರ್ಕಿನ್ಸನ್ ತೀರಿಕೊಂಡಿದ್ದು 1824ರಲ್ಲಿ. ಮನುಷ್ಯರ ಫೋಟೊ ತೆಗೆಯುವ ವಿದ್ಯೆ ಬಂದಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಅವರದ್ದೇ ಎಂದು ಖಾತ್ರಿಯಾಗಿ ಹೇಳಬಹುದಾದ ಒಂದು ಚಿತ್ರವೂ ಇಂದು ಉಳಿದಿಲ್ಲ. ಬೇರೆಯವರನ್ನು ಅಷ್ಟು ಗಮನವಿಟ್ಟು ನೋಡಿದ ಮನುಷ್ಯನ ಮುಖ ಹೇಗಿತ್ತು ಎಂಬುದೇ ಜಗತ್ತಿಗೆ ತಿಳಿದಿಲ್ಲ.

ಅವರ ಹೆಸರು ಮಾತ್ರ ಮನೆಮನೆಗೆ ಬಂದಿದೆ, ಒಂದು ಕಾಯಿಲೆಯ ಹೆಸರಾಗಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಯಾವ ಹಳ್ಳಿಗೆ ಹೋದರೂ ಅರಳಿಕಟ್ಟೆಯ ಮೇಲೆ ಕೈ ನಡುಗುವ ಅಜ್ಜನೊಬ್ಬ ಕೂತಿರಬಹುದು. ವಯಸ್ಸಾಯಿತಲ್ಲ, ಅದಕ್ಕೇ ನಡುಕ ಎಂದು ಮನೆಯವರು ಸುಮ್ಮನಾಗಿರುತ್ತಾರೆ. ಇನ್ನೂರು ವರ್ಷಗಳ ಹಿಂದೆ ಲಂಡನ್ನಿನ ಜನರೂ ಹೀಗೇ ಸುಮ್ಮನಾಗಿದ್ದರು. ಸುಮ್ಮನಾಗದ ಒಬ್ಬ ವೈದ್ಯರ ಕತೆ ಇದು.

ಅಪ್ಪನ ಔಷಧದ ಅಂಗಡಿಯಿಂದ

ಪಾರ್ಕಿನ್ಸನ್ ಹುಟ್ಟಿದ್ದು 1755ರ ಏಪ್ರಿಲ್ 11ರಂದು, ಲಂಡನ್ನಿನ ಅಂಚಿನಲ್ಲಿದ್ದ ಹಾಕ್ಸ್‌ಟನ್ ಎಂಬಲ್ಲಿ. ತಂದೆ ಜಾನ್ ಅಲ್ಲೇ ಔಷಧ ತಯಾರಿಸಿ ಕೊಡುವ, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯನ್ನೂ ಮಾಡುವ ವೈದ್ಯರು. ನಮ್ಮ ತಾಲ್ಲೂಕುಗಳಲ್ಲಿ ಹಿಂದಿನ ತಲೆಮಾರಿನವರು ನೆಚ್ಚಿಕೊಂಡಿದ್ದ ಬೀದಿಯ ಡಾಕ್ಟರ್ ಇದ್ದ ಹಾಗೆ. ಮಗ ಅಪ್ಪನ ಕೈಕೆಳಗೇ ಕಸುಬು ಕಲಿತ. 1776ರಲ್ಲಿ ಲಂಡನ್ ಆಸ್ಪತ್ರೆಯಲ್ಲಿ ಕೆಲವು ತಿಂಗಳು ವಿದ್ಯಾರ್ಥಿಯಾಗಿದ್ದ. ಮರುವರ್ಷವೇ, ಉಸಿರು ನಿಂತಂತಿದ್ದ ಒಬ್ಬನನ್ನು ಬದುಕಿಸಿದ್ದಕ್ಕೆ ಹ್ಯೂಮೇನ್ ಸೊಸೈಟಿಯಿಂದ ಬೆಳ್ಳಿ ಪದಕ ಬಂತು. ಆಗ ಅವರಿಗೆ 22 ವರ್ಷ. ಅದಾದ ಎರಡು ವರ್ಷಕ್ಕೆ, 1779ರಲ್ಲಿ, ಇತ್ತ ನಮ್ಮ ಮದಕರಿನಾಯಕರ ಕೋಟೆ ಹೈದರಾಲಿಯ ವಶವಾಯಿತು. ಅವರು ಯಾವ ಕಾಲದವರು ಎಂದು ಅಂದಾಜಿಸಲು ಇಷ್ಟು ಸಾಕು.

1784ರಲ್ಲಿ ಸರ್ಜನ್ ಆಗಿ ಮಾನ್ಯತೆ ಸಿಕ್ಕಿತು. ಅದೇ ವರ್ಷ ತಂದೆ ತೀರಿಕೊಂಡರು. ಮನೆ, ಅಂಗಡಿ, ರೋಗಿಗಳು ಎಲ್ಲವೂ 29ರ ಯುವಕನ ಹೆಗಲಿಗೆ ಬಂದವು. ಆದರೂ ಮರುವರ್ಷ ಅವರು ಮತ್ತೆ ವಿದ್ಯಾರ್ಥಿಯಾದರು. ಜಾನ್ ಹಂಟರ್ ಎಂಬ ಪ್ರಖ್ಯಾತ ಶಸ್ತ್ರವೈದ್ಯರು ಸಂಜೆ ಹೊತ್ತು ಕೊಡುತ್ತಿದ್ದ ಉಪನ್ಯಾಸಗಳಿಗೆ ಹೋಗಿ, ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಆ ಟಿಪ್ಪಣಿಗಳು ಎಷ್ಟು ಚೊಕ್ಕಟವಾಗಿದ್ದವೆಂದರೆ, ಅವರು ತೀರಿಕೊಂಡ ಮೇಲೆ 1833ರಲ್ಲಿ ಮಗ ಅವುಗಳನ್ನೇ ಪುಸ್ತಕವಾಗಿ ಪ್ರಕಟಿಸಿದ.

ಇಲ್ಲೊಂದು ಮಾತು ನಮ್ಮಂಥವರಿಗೆ ಮುಖ್ಯ. ಪಾರ್ಕಿನ್ಸನ್ ಅವರ ಬಳಿ ವಿಶ್ವವಿದ್ಯಾಲಯದ ದೊಡ್ಡ ಪದವಿ ಇರಲಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಲ್ಲಿ ಓದಿ ಬಂದ ವೈದ್ಯರ ಸಾಲಿನಲ್ಲಿ ಅವರನ್ನು ಯಾರೂ ಕೂರಿಸುತ್ತಿರಲಿಲ್ಲ. 1800ರಲ್ಲಿ ಅವರು ವೈದ್ಯ ವಿದ್ಯಾರ್ಥಿಗಳಿಗೆಂದೇ ಒಂದು ಪುಸ್ತಕ ಬರೆದರು. ಏಳು ವರ್ಷದ ಕಲಿಕೆಯಲ್ಲಿ ಹೆಚ್ಚಿನ ಪಾಲು ಔಷಧ ಅರೆಯುವುದರಲ್ಲೇ ಕಳೆದುಹೋಗುತ್ತದೆ ಎಂದು ಅದರಲ್ಲಿ ನೇರವಾಗಿ ಟೀಕಿಸಿದರು. ಬೇರೆ ಭಾಷೆ ಕಲಿಯಿರಿ, ಶೀಘ್ರಲಿಪಿ ಕಲಿಯಿರಿ ಎಂದು ಸಲಹೆಯನ್ನೂ ಕೊಟ್ಟರು. ಇಂದಿನ ಅಪ್ರೆಂಟಿಸ್‌ಗಳಿಗೂ ಈ ದೂರು ಹೊಸದೆನಿಸಲಿಕ್ಕಿಲ್ಲ.

ಪ್ರಧಾನಿಯ ಎದುರು ವಿಚಾರಣೆ

ಹಾಕ್ಸ್‌ಟನ್ ಸುತ್ತಮುತ್ತ ಬಡವರೇ ಹೆಚ್ಚು. ಕೂಲಿಗಳು, ನೇಕಾರರು, ಅನಾಥ ಮಕ್ಕಳು. ರೋಗ ನೋಡಲು ಮನೆಮನೆಗೆ ಹೋಗುತ್ತಿದ್ದ ಪಾರ್ಕಿನ್ಸನ್‌ಗೆ ಹಸಿವೂ ಕಾಣುತ್ತಿತ್ತು. ಆಗ ಇಂಗ್ಲೆಂಡಿನಲ್ಲಿ ಮತ ಹಾಕುವ ಹಕ್ಕು ಆಸ್ತಿವಂತರಲ್ಲಿ ಕೆಲವರಿಗೆ ಮಾತ್ರ ಇತ್ತು. ಸಾಮಾನ್ಯರಿಗೂ ಮತದಾನದ ಹಕ್ಕು ಬೇಕೆಂದು ಹೋರಾಡುತ್ತಿದ್ದ ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿಗೆ ಅವರು ಸೇರಿಕೊಂಡರು. ಓಲ್ಡ್ ಹ್ಯೂಬರ್ಟ್ ಎಂಬ ಗುಪ್ತನಾಮದಲ್ಲಿ ಸರ್ಕಾರವನ್ನು ಚುಚ್ಚುವ ಕಿರುಹೊತ್ತಗೆಗಳನ್ನು ಬರೆದರು. ರಕ್ತ ಹರಿಸದೆ ಬದಲಾವಣೆ ತರುವುದು ಹೇಗೆ ಎಂಬುದು ಅವುಗಳಲ್ಲಿ ಒಂದರ ವಿಷಯ.

1794ರಲ್ಲಿ ಅವರ ಸಂಗಾತಿಗಳ ಮೇಲೆ ವಿಚಿತ್ರ ಆರೋಪವೊಂದು ಬಂತು. ನಾಟಕ ಶಾಲೆಯಲ್ಲಿ ದೊರೆ ಮೂರನೇ ಜಾರ್ಜ್ ಮೇಲೆ ಗಾಳಿ ಕೊಳವೆಯಿಂದ ವಿಷದ ಬಾಣ ಹಾರಿಸುವ ಸಂಚು ನಡೆದಿದೆ ಎಂದು! ಪಾಪ್‌ಗನ್ ಸಂಚು ಎಂದೇ ಅದು ಹೆಸರಾಯಿತು. ಪ್ರಧಾನಿ ವಿಲಿಯಂ ಪಿಟ್ ಇದ್ದ ಪ್ರಿವಿ ಕೌನ್ಸಿಲ್ ಮುಂದೆ ಪಾರ್ಕಿನ್ಸನ್ ನಿಲ್ಲಬೇಕಾಯಿತು. ತಮ್ಮ ಮೇಲೆಯೇ ದೋಷ ಹೊರಿಸಿಕೊಳ್ಳುವಂಥ ಉತ್ತರ ಕೊಡಬೇಕಾಗಿಲ್ಲ ಎಂಬ ಭರವಸೆ ಸಿಗುವವರೆಗೆ ಅವರು ಬಾಯಿ ಬಿಡಲಿಲ್ಲ. ಆಮೇಲೆ ಓಲ್ಡ್ ಹ್ಯೂಬರ್ಟ್ ತಾವೇ ಎಂದು ಒಪ್ಪಿಕೊಂಡರು, ಗೆಳೆಯರ ಪರವಾಗಿಯೇ ಮಾತನಾಡಿದರು. ಕೊನೆಗೆ ಆ ಆರೋಪ ನಿಲ್ಲಲಿಲ್ಲ.

ಆ ನಂತರ ಅವರು ರಾಜಕೀಯದ ಬರವಣಿಗೆಯಿಂದ ದೂರ ಸರಿದರು. ಆದರೆ ಜನರಿಗಾಗಿ ಬರೆಯುವುದನ್ನು ಬಿಡಲಿಲ್ಲ. ಮನೆಮಂದಿಗೆ ಆರೋಗ್ಯದ ತಿಳಿವಳಿಕೆ ಕೊಡುವ ಪುಸ್ತಕ 1799ರಲ್ಲಿ ಬಂತು. ಮರುವರ್ಷ ಹಳ್ಳಿಗರಿಗಾಗಿ ಒಂದು, ಅಪಾಯದ ಆಟಗಳ ಬಗ್ಗೆ ಮಕ್ಕಳಿಗೆ ಎಚ್ಚರಿಕೆ ಹೇಳುವ ಇನ್ನೊಂದು. 1812ರಲ್ಲಿ ವೈದ್ಯನಾಗಿದ್ದ ಮಗನ ಜೊತೆ ಸೇರಿ, ಕರುಳಿನ ಅಪೆಂಡಿಕ್ಸ್ ತೂತಾಗಿ ರೋಗಿ ಸತ್ತ ಪ್ರಕರಣವನ್ನು ವರದಿ ಮಾಡಿದರು. ಇಂಗ್ಲಿಷ್‌ನಲ್ಲಿ ಬಂದ ಅಂಥ ಮೊದಲ ವರದಿಗಳಲ್ಲಿ ಅದೂ ಒಂದು.

ಕಲ್ಲಿನೊಳಗಿನ ಜೀವಗಳು

ಬದುಕಿದ್ದಾಗ ಪಾರ್ಕಿನ್ಸನ್‌ಗೆ ಹೆಸರು ತಂದುಕೊಟ್ಟಿದ್ದು ಕಾಯಿಲೆಯ ಅಧ್ಯಯನವಲ್ಲ, ಕಲ್ಲುಗಳು! ಕಲ್ಲಾಗಿ ಹೋದ ಚಿಪ್ಪು, ಹವಳ, ಮೂಳೆಗಳೆಂದರೆ ಅವರಿಗೆ ಗೀಳು. ಈ ಪಳೆಯುಳಿಕೆಗಳ ಬಗ್ಗೆ 1804, 1808 ಮತ್ತು 1811ರಲ್ಲಿ ಮೂರು ದೊಡ್ಡ ಸಂಪುಟಗಳನ್ನು ತಂದರು. 1807ರ ನವೆಂಬರ್ 13ರಂದು ಲಂಡನ್ನಿನ ಒಂದು ಹೋಟೆಲಿನಲ್ಲಿ ಹದಿಮೂರು ಮಂದಿ ಸೇರಿ ಜಿಯಾಲಜಿಕಲ್ ಸೊಸೈಟಿ ಕಟ್ಟಿದಾಗ, ಆ ಹದಿಮೂರರಲ್ಲಿ ಇವರೂ ಇದ್ದರು. ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಮತ್ತೊಬ್ಬರು. ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಕೊಟ್ಟ ಚಿನ್ನದ ಪದಕವೂ ಈ ಕೆಲಸಕ್ಕೇ ಬಂದಿದ್ದು.

ಅವರು ಚಿತ್ರದುರ್ಗಕ್ಕೆ ಬಂದಿದ್ದರೆ ವಾಪಸ್ ಹೋಗುತ್ತಿದ್ದರೋ ಇಲ್ಲವೋ. ನಮ್ಮ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ದಿಂಬಿನಾಕಾರದ ಲಾವಾ ಬಂಡೆಗಳಿವೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಾವು ಬಸ್ಸಿನ ಕಿಟಕಿಯಿಂದ ಬರೀ ಕಲ್ಲುಗುಡ್ಡ ಎಂದು ನೋಡಿ ಮುಂದೆ ಹೋಗುತ್ತೇವೆ. ಪಾರ್ಕಿನ್ಸನ್ ಅಂಥ ಕಲ್ಲಿನ ಮುಂದೆ ನಿಂತು, ಅದರ ಮೇಲಿನ ಗೆರೆಗಳನ್ನು ನೋಡಿ, ಒಂದಕ್ಕೊಂದು ಹೋಲಿಸಿ, ಬರೆದಿಡುವವರು. ಅದೇ ಕಣ್ಣಿನಿಂದ ಅವರು ಬೀದಿಯಲ್ಲಿ ನಡೆದುಹೋಗುವ ಮನುಷ್ಯರನ್ನೂ ನೋಡಿದರು.

ಆರು ಜನ, 66 ಪುಟ

1817ರಲ್ಲಿ, ತಮ್ಮ 62ನೇ ವಯಸ್ಸಿನಲ್ಲಿ, ಪಾರ್ಕಿನ್ಸನ್ 66 ಪುಟಗಳ ಸಣ್ಣ ಪುಸ್ತಕವೊಂದನ್ನು ಪ್ರಕಟಿಸಿದರು. ವಿಷಯ ನಡುಕದ ಕಾಯಿಲೆ. ಅದರಲ್ಲಿರುವುದು ಆರೇ ಜನರ ಕತೆ. ಅವರೆಲ್ಲರೂ ಇವರ ರೋಗಿಗಳಾಗಿರಲಿಲ್ಲ. ಇಬ್ಬರು ಬೀದಿಯಲ್ಲಿ ಎದುರಾದವರು, ಇನ್ನೊಬ್ಬರನ್ನು ದೂರದಿಂದ ನೋಡಿದ್ದು ಮಾತ್ರ.

ಮೊದಲನೆಯವನು ಐವತ್ತು ದಾಟಿದ ತೋಟಗಾರ. ಕುಡಿತವಿಲ್ಲ, ಶಿಸ್ತಿನ ಬದುಕು. ನಡುಕ ಎಡಗೈಯಲ್ಲಿ ಶುರುವಾಗಿತ್ತು. ಕೆಲವು ದಿನ ಆ ಕೈಗೆ ಹೆಚ್ಚು ಕೆಲಸ ಕೊಟ್ಟಿದ್ದೇ ಕಾರಣ ಎಂದು ಅವನು ನಂಬಿದ್ದ. ಬೀದಿಯಲ್ಲಿ ಸಿಕ್ಕವರಲ್ಲಿ ಒಬ್ಬ 62 ವರ್ಷದ ಕಚೇರಿ ಸಹಾಯಕ. ಮತ್ತೊಬ್ಬ 65ರ ಹಳೆಯ ನಾವಿಕ, ಸ್ಪೇನಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಒದ್ದೆ ನೆಲದ ಮೇಲೆ ಮಲಗಿದ್ದರಿಂದಲೇ ಹೀಗಾಯಿತು ಎನ್ನುತ್ತಿದ್ದ. ದೂರದಿಂದ ಕಂಡವರ ಸ್ಥಿತಿ ಇನ್ನೂ ಕಷ್ಟ. ಅವರು ನಡೆಯಬೇಕೆಂದರೆ ಆಳು ಎದುರಿಗೆ ನಿಂತು ಎರಡೂ ಭುಜ ಹಿಡಿಯಬೇಕು. ಹಿಂದೆ ಮುಂದೆ ತೂಗಿ ಸಮತೋಲ ಬಂದ ಮೇಲೆ ಅವರು ಓಡುವ ಹೆಜ್ಜೆಯಲ್ಲೇ ಹೊರಡುತ್ತಿದ್ದರು. ಆಳು ಪಕ್ಕಕ್ಕೆ ಸರಿದು, ಅವರಿಗಿಂತ ಮುಂದೆ ಓಡಿ, ಇಪ್ಪತ್ತು ಹೆಜ್ಜೆ ಆಚೆ ಬೀಳದಂತೆ ಹಿಡಿದುಕೊಳ್ಳಬೇಕಿತ್ತು.

ಒಬ್ಬೊಬ್ಬರನ್ನೇ ನೋಡಿದರೆ ಇವರು ಬೇರೆಬೇರೆ ಕಷ್ಟದ ಆರು ಮನುಷ್ಯರು. ಕೆಲವರ ಬಳಿ ತಮ್ಮದೇ ಕಾರಣವೂ ಇತ್ತು. ಪಾರ್ಕಿನ್ಸನ್ ಅವರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದರು, ಕಲ್ಲುಗಳನ್ನು ಹೋಲಿಸಿದ ಹಾಗೆ. ಕೈ ಕೆಲಸ ಮಾಡದೆ ತೊಡೆಯ ಮೇಲೆ ಸುಮ್ಮನಿದ್ದಾಗಲೇ ನಡುಗುತ್ತದೆ. ಒಂದು ಕಡೆ ಶುರುವಾಗಿ ನಿಧಾನಕ್ಕೆ ಇನ್ನೊಂದು ಕಡೆಗೆ ಹಬ್ಬುತ್ತದೆ. ಮೈ ಮುಂದಕ್ಕೆ ಬಾಗುತ್ತದೆ. ನಡಿಗೆ ತಾನಾಗಿಯೇ ಓಟವಾಗುತ್ತದೆ. ಇವೆಲ್ಲ ಒಂದೇ ಕಾಯಿಲೆಯ ಹಂತಗಳು ಎಂದು ಅವರು ತೋರಿಸಿಕೊಟ್ಟರು. ಕಂಪವಾತ ಎಂಬ ಹೆಸರಿನಲ್ಲಿ ನಡುಕದ ತೊಂದರೆ ನಮ್ಮ ಆಯುರ್ವೇದಕ್ಕೂ ಗೊತ್ತಿತ್ತು. ಆದರೆ ಶುರುವಿನಿಂದ ಕೊನೆಯವರೆಗಿನ ಅದರ ದಾರಿಯನ್ನು ಆಧುನಿಕ ವೈದ್ಯಕ್ಕೆ ಬರೆದುಕೊಟ್ಟವರು ಇವರೇ.

ಆರನೆಯ ರೋಗಿಯಲ್ಲಿ ಅವರು ಗಮನಿಸಿದ್ದು ಇನ್ನೂ ಕುತೂಹಲದ್ದು. 72 ವರ್ಷದ ಆ ವ್ಯಕ್ತಿಗೆ ನಡುವೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಯಿತು. ಬಿದ್ದ ಕೈಕಾಲಿನಲ್ಲಿ ನಡುಕವೂ ನಿಂತಿತು. ಲಕ್ವ ವಾಸಿಯಾದಂತೆ ನಡುಕ ಮತ್ತೆ ಬಂತು. ಪಾರ್ಕಿನ್ಸನ್ ಅದನ್ನು ಹಾಗೆಯೇ ಬರೆದಿಟ್ಟರು. ಮಿದುಳಿನ ಯಾವುದೋ ದಾರಿ ಮುಚ್ಚಿದರೆ ನಡುಕ ನಿಲ್ಲಬಹುದು ಎಂಬ ಸುಳಿವು ಅದರಲ್ಲಿತ್ತು.

ಗೊತ್ತಿಲ್ಲ ಎಂದು ಬರೆದ ಧೈರ್ಯ

ಎಲ್ಲವನ್ನೂ ಅವರು ಸರಿಯಾಗಿ ಹೇಳಲಿಲ್ಲ. ಕಾಯಿಲೆಯ ಮೂಲ ಕುತ್ತಿಗೆಯ ಭಾಗದ ಬೆನ್ನುಹುರಿಯಲ್ಲಿದೆ ಎಂದು ಊಹಿಸಿದರು, ಅದು ತಪ್ಪು. ಕುತ್ತಿಗೆಯ ಹಿಂದೆ ರಕ್ತ ತೆಗೆಯುವ, ಬೊಬ್ಬೆ ಬರಿಸುವ ಚಿಕಿತ್ಸೆ ಸೂಚಿಸಿದರು, ಅದರಿಂದ ಉಪಯೋಗವಿಲ್ಲ. ಬುದ್ಧಿ, ಇಂದ್ರಿಯಗಳಿಗೆ ಧಕ್ಕೆಯಿಲ್ಲ ಎಂದರು. ಹಲವರಲ್ಲಿ ವಾಸನೆ ಗ್ರಹಿಸುವ ಶಕ್ತಿ ಕುಂದುತ್ತದೆ, ವರ್ಷಗಳಾದ ಮೇಲೆ ಮರೆವೂ ಬರಬಹುದು ಎಂಬುದು ಈಗ ತಿಳಿದಿದೆ.

ಆದರೆ ತಮ್ಮ ಬಳಿ ಸಾಕ್ಷ್ಯ ಕಡಿಮೆ ಇದೆ, ಶವಪರೀಕ್ಷೆ ಮಾಡಿ ನೋಡಲು ಆಗಿಲ್ಲ, ಹೇಳುತ್ತಿರುವುದರಲ್ಲಿ ಊಹೆಯೂ ಸೇರಿದೆ ಎಂದು ಪುಸ್ತಕದ ಮೊದಲಲ್ಲೇ ಅವರು ಓದುಗರ ಕ್ಷಮೆ ಕೇಳಿದ್ದರು. ಮುಂದಿನವರು ಅಂಗರಚನೆ ಪರೀಕ್ಷಿಸಿ ಕಾರಣ ಹುಡುಕಲಿ ಎಂಬುದೇ ಅವರ ಆಸೆಯಾಗಿತ್ತು. ತಿಳಿದಿದ್ದು ಎಲ್ಲಿಗೆ ಮುಗಿಯಿತು, ಊಹೆ ಎಲ್ಲಿಂದ ಶುರುವಾಯಿತು ಎಂದು ಗೆರೆ ಎಳೆದು ತೋರಿಸಿದ್ದರಿಂದಲೇ ಮುಂದಿನವರಿಗೆ ಕೆಲಸ ಮಾಡಲು ಜಾಗ ಸಿಕ್ಕಿತು. ಇಂಟರ್‌ವ್ಯೂಗೆ ಹೋಗುವ ನಮಗೆ ಎಲ್ಲವೂ ಗೊತ್ತು ಎಂದು ತೋರಿಸಿಕೊಳ್ಳುವ ಚಪಲ ಇರುತ್ತದಲ್ಲ, ಆಗ ಈ ಮುದಿ ವೈದ್ಯರನ್ನು ನೆನೆಯಬಹುದು.

1824ರ ಡಿಸೆಂಬರ್ 21ರಂದು ಪಾರ್ಶ್ವವಾಯುವಿನಿಂದ ಅವರು ತೀರಿಕೊಂಡಾಗ ಈ ಪುಸ್ತಕಕ್ಕೆ ಹೆಚ್ಚಿನ ಹೆಸರೇನೂ ಬಂದಿರಲಿಲ್ಲ. ಸುಮಾರು ಅರ್ಧ ಶತಮಾನದ ನಂತರ ಪ್ಯಾರಿಸ್ಸಿನ ಪ್ರಸಿದ್ಧ ನರವೈದ್ಯ ಷಾರ್ಕೊ ಅದನ್ನು ಎತ್ತಿ ಹಿಡಿದರು. ಮೈ ಬಿಗಿಯುವುದನ್ನೂ ಚಲನೆ ನಿಧಾನವಾಗುವುದನ್ನೂ ಅವರು ಲಕ್ಷಣಗಳಿಗೆ ಸೇರಿಸಿ, ಪಾರ್ಕಿನ್ಸನ್ ಕಾಯಿಲೆ ಎಂದು ಕರೆದರು.

ನಮ್ಮ ಬೇಲಿಯ ಬಳ್ಳಿ, ನಮ್ಮ ನಿಮ್ಹಾನ್ಸ್

ಆಮೇಲಿನ ಹೆಜ್ಜೆಗಳು ಹಲವರವು. 1919ರಲ್ಲಿ ತ್ರೆತಿಯಾಕೊಫ್ ಎಂಬ ಸಂಶೋಧಕ ಮಿದುಳಿನ ನಡುಭಾಗದ ಕಪ್ಪು ಬಣ್ಣದ ಸಣ್ಣ ಜಾಗವೊಂದರಲ್ಲಿ ಜೀವಕೋಶಗಳು ಸಾಯುತ್ತಿರುವುದನ್ನು ಕಂಡರು. ಆ ಕೋಶಗಳು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುತ್ತವೆ. ಮೈ ನಾವು ಅಂದುಕೊಂಡಂತೆ ಸರಾಗವಾಗಿ ಚಲಿಸಲು ಅದು ಬೇಕು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಡೋಪಮೈನ್‌ನ ಪಾತ್ರವನ್ನು ತೋರಿಸಿದರು. ಇದಕ್ಕಾಗಿ 2000ದಲ್ಲಿ ಅವರಿಗೆ ನೊಬೆಲ್ ಬಂತು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ತಂಡ, ಈ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ತೀರಾ ಕಡಿಮೆ ಇರುವುದನ್ನು ಅಳೆದು ತೋರಿಸಿತು.

ಡೋಪಮೈನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಲೆವೊಡೋಪ ದಾಟುತ್ತದೆ, ದಾಟಿದ ಮೇಲೆ ಡೋಪಮೈನ್ ಆಗುತ್ತದೆ. ಈ ಲೆವೊಡೋಪ ನಮ್ಮ ಬೇಲಿಗಳಲ್ಲೇ ಇದೆ ಎಂದರೆ ನಂಬುತ್ತೀರಾ? ಮುಟ್ಟಿದರೆ ಮೈಯೆಲ್ಲ ತುರಿಕೆ ಎಬ್ಬಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿ. 1937ರಲ್ಲಿ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಆ ಬೀಜದಿಂದ ಲೆವೊಡೋಪವನ್ನು ಬೇರ್ಪಡಿಸಿದರು. ಅದರಿಂದ ಯಾವ ಕಾಯಿಲೆಗೆ ಉಪಯೋಗ ಎಂದು ಜಗತ್ತಿಗೆ ತಿಳಿಯಲು ಇನ್ನೂ ಎರಡು ದಶಕ ಬೇಕಾಯಿತು. 1967ರಲ್ಲಿ ಅಮೆರಿಕದ ಕೊಟ್ಸಿಯಾಸ್ ಲೆವೊಡೋಪವನ್ನು ಹೆಚ್ಚಿನ ಪ್ರಮಾಣದಲ್ಲಿ ಬಾಯಿ ಮೂಲಕ ಕೊಟ್ಟಾಗ ರೋಗಿಗಳ ಸ್ಥಿತಿ ಗಮನಾರ್ಹವಾಗಿ ಸುಧಾರಿಸಿತು. ಪಾರ್ಕಿನ್ಸನ್ ಪುಸ್ತಕ ಬಂದು ಆಗ ಸರಿಯಾಗಿ 150 ವರ್ಷ. ಹಾಗೆಂದು ಬೀಜ ಅರೆದು ಮನೆಯಲ್ಲೇ ಕೊಡಬಾರದು. ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ, ಹೆಚ್ಚಾದರೆ ತೊಂದರೆ.

ಶಸ್ತ್ರಚಿಕಿತ್ಸೆಯ ಕಡೆಯೂ ನಮ್ಮ ರಾಜ್ಯದ ಪಾಲಿದೆ. ಬೆಂಗಳೂರಿನಲ್ಲಿ ನರಶಸ್ತ್ರವೈದ್ಯರಾಗಿದ್ದ, ಮುಂದೆ ನಿಮ್ಹಾನ್ಸ್ ನಿರ್ದೇಶಕರಾದ ಡಾ. ಆರ್. ಮಾರ್ತಾಂಡ ವರ್ಮ ಅವರು 1960ರ ದಶಕದಲ್ಲಿಯೇ ಪಾರ್ಕಿನ್ಸನ್ ರೋಗಿಗಳಿಗೆ ಮಿದುಳಿನ ಆಳದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ತಲೆಬುರುಡೆ ಕೊರೆಯುವ ಬದಲು, ಅದರ ತಳದಲ್ಲಿರುವ ಸಹಜ ರಂಧ್ರದ ಮೂಲಕವೇ ಸೂಜಿ ಕಳಿಸುವ ವಿಧಾನ ಅವರದು. ಮಿದುಳಿನ ಗೊತ್ತಾದ ಒಂದು ಜಾಗವನ್ನು ನಿಷ್ಕ್ರಿಯಗೊಳಿಸಿ ನಡುಕ ತಗ್ಗಿಸುವುದು ಅದರ ಉದ್ದೇಶ. ಲಕ್ವ ಹೊಡೆದಾಗ ನಡುಕ ನಿಂತ ಆ 72ರ ಅಜ್ಜ ಇಲ್ಲಿ ನೆನಪಾಗುತ್ತಾರೆ. 1987ರಲ್ಲಿ ಫ್ರಾನ್ಸಿನ ಬೆನಬಿಡ್, ಜಾಗವನ್ನು ಸುಡದೆ ಸಣ್ಣ ವಿದ್ಯುತ್ ತಂತಿ ಇಟ್ಟು ನಡುಕ ತಡೆಯಬಹುದೆಂದು ತೋರಿಸಿದರು. ಇಂದು ಇದು ಬೆಂಗಳೂರಿನಲ್ಲೂ ಲಭ್ಯ.

ಆದರೂ ಕಾಯಿಲೆಯನ್ನೇ ತಡೆದು ನಿಲ್ಲಿಸುವ ಔಷಧ ಇನ್ನೂ ಸಿಕ್ಕಿಲ್ಲ. ಈಗಿರುವ ಚಿಕಿತ್ಸೆಗಳು ಲಕ್ಷಣಗಳನ್ನು ಹತೋಟಿಯಲ್ಲಿಡುತ್ತವೆ, ಬದುಕನ್ನು ಎಷ್ಟೋ ವರ್ಷ ಸಲೀಸು ಮಾಡುತ್ತವೆ. ಜೀವವಿಜ್ಞಾನ, ಫಾರ್ಮಸಿ, ಎಂಜಿನಿಯರಿಂಗ್ ಓದುತ್ತಿರುವವರಿಗೆ ಇಲ್ಲಿ ಬೇಕಾದಷ್ಟು ಕೆಲಸ ಬಾಕಿ ಇದೆ.

ನಮ್ಮ ಮನೆಯಲ್ಲಿ ನೋಡುವ ಕಣ್ಣು

ಗೆಳೆಯರೇ, ಸಂಶೋಧಕರಾಗದಿದ್ದರೂ ನಾವು ಮಾಡಬಹುದಾದ ಕೆಲಸ ಒಂದಿದೆ. ನಮ್ಮ ಭಾಗದ ಹಿರಿಯರ ಬದುಕು ಕೈಯ ಮೇಲೆ ನಿಂತಿದೆ. ಅಡಿಕೆ ಸುಲಿಯುವುದು, ಹೂ ಕಟ್ಟುವುದು, ರೊಟ್ಟಿ ತಟ್ಟುವುದು. ಪಾರ್ಕಿನ್ಸನ್ ಮೊದಲು ಕಾಣುವುದು ಇಂಥ ಕೆಲಸಗಳಲ್ಲೇ. ಚಕಚಕನೆ ಅಡಿಕೆ ಸುಲಿಯುತ್ತಿದ್ದ ಅಜ್ಜಿ ನಿಧಾನವಾಗುತ್ತಾಳೆ. ಅಪ್ಪ ನಡೆಯುವಾಗ ಒಂದು ಕೈ ಬೀಸುವುದಿಲ್ಲ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ, ದನಿ ಸಣ್ಣಗಾಗುತ್ತದೆ, ಮುಖದಲ್ಲಿ ಭಾವವೇ ಕಾಣದು. ಅಕ್ಷರ ಚಿಕ್ಕದಾಗುತ್ತಾ ಹೋಗಿ, ಸಹಿ ಹೊಂದುತ್ತಿಲ್ಲವೆಂದು ಪಿಂಚಣಿಯ ಚೆಕ್ ವಾಪಸ್ ಬರುತ್ತದೆ. ಸೋಮಾರಿತನ, ಸಿಟ್ಟು, ವಯಸ್ಸು ಎಂದು ನಾವು ಹೆಸರಿಡುತ್ತೇವೆ.

ಎಲ್ಲ ನಡುಕವೂ ಪಾರ್ಕಿನ್ಸನ್ ಅಲ್ಲ. ಕಾಫಿ ಲೋಟ ಎತ್ತುವಾಗ ಮಾತ್ರ ನಡುಗುವ ಕೈಗೆ ಬೇರೆ ಕಾರಣ ಇರಬಹುದು. ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳಿಂದಲೂ ಇಂಥ ಲಕ್ಷಣ ಬರುತ್ತವೆ. ಆಗ ಮಾತ್ರೆಯನ್ನು ನಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಯಾವುದು ಏನು ಎಂದು ತೀರ್ಮಾನಿಸಬೇಕಾದವರು ವೈದ್ಯರೇ. ಆದರೆ ಅವರ ಮುಂದೆ ರೋಗಿ ಕೂರುವುದು ಹತ್ತು ನಿಮಿಷ. ನಡುಕ ಯಾವ ಕೈಯಲ್ಲಿ ಶುರುವಾಯಿತು, ಯಾವಾಗಿನಿಂದ, ಸುಮ್ಮನಿದ್ದಾಗಲೋ ಕೆಲಸ ಮಾಡುವಾಗಲೋ, ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಮೈ ಹಗುರಾಗುತ್ತದೆ ಎಂಬುದನ್ನೆಲ್ಲ ದಿನವೂ ನೋಡಬಲ್ಲವರು ಮನೆಯವರು. ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಿ, ಅವರ ಒಪ್ಪಿಗೆ ಪಡೆದು ನಡಿಗೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ. ಹಿರಿಯೂರಿನ ಬಸ್ಸು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿಗಳ ಜೊತೆ ಆ ನೋಟ್‌ಬುಕ್ಕೂ ಚೀಲದಲ್ಲಿರಲಿ.

ಪರೀಕ್ಷೆ, ಅರ್ಜಿ, ಫಲಿತಾಂಶ ಎಂದು ಕಾಯುತ್ತಾ ಮನೆಯಲ್ಲಿರುವ ನಮಗೆ, ಕೈಯಲ್ಲಿ ಏನೂ ಇಲ್ಲ ಎನಿಸುವ ದಿನಗಳು ಬರುತ್ತವೆ. ಪಾರ್ಕಿನ್ಸನ್ ಬಳಿ ಎಂ.ಆರ್.ಐ. ಯಂತ್ರವಿರಲಿಲ್ಲ, ಪ್ರಯೋಗಾಲಯವಿರಲಿಲ್ಲ, ದೊಡ್ಡ ಪದವಿಯೂ ಇರಲಿಲ್ಲ. ಬೀದಿಯಲ್ಲಿ ಬಾಗಿಕೊಂಡು ಹೋಗುತ್ತಿದ್ದ ಅಪರಿಚಿತರನ್ನು ಕಂಡಾಗ ಅವರು ನಿಂತು ಮಾತನಾಡಿಸಿದರು, ಎಷ್ಟು ವರ್ಷದಿಂದ ಹೀಗಿದೆ ಎಂದು ಕೇಳಿದರು, ಮನೆಗೆ ಹೋಗಿ ಬರೆದಿಟ್ಟರು. ಅವರು ಹುಟ್ಟಿದ ಏಪ್ರಿಲ್ 11ನ್ನು ಜಗತ್ತು ಈಗ ಪಾರ್ಕಿನ್ಸನ್ ದಿನವೆಂದು ಆಚರಿಸುತ್ತದೆ. ಮುಂದಿನ ಏಪ್ರಿಲ್‌ವರೆಗೆ ಕಾಯಬೇಕಾಗಿಲ್ಲ. ಇವತ್ತು ಸಂಜೆ ಅಜ್ಜನ ಪಕ್ಕ ಕೂತು ಕಾಫಿ ಕುಡಿಯುವಾಗ, ತೊಡೆಯ ಮೇಲಿನ ಅವರ ಕೈಯನ್ನೊಮ್ಮೆ ನೋಡಿ.